ಯಾರ ವ್ಯಾಪ್ತಿಗೂ ಬಾರದ ಹುಡುಗಿ

ಇವತ್ತು ಬೆಳಿಗ್ಗೆ ಈ ಕೊಲ್ಲಿ ದೇಶದ ಹೂರಾ ಪೇಟೆಯಲ್ಲಿ ಕಾರು ನಿಲ್ಲಿಸಲು ಜಾಗ ಸಿಗದೆ ಮೂರನೆಯ ಸುತ್ತು ಹೊಡೆಯುತ್ತಿದ್ದಾಗ, ಯಾವುದೋ ಟೈಲರ್ ಅಂಗಡಿಯಿಂದ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಒತ್ತಿದ ವಾಸನೆ ಬಂತು. ನಿಮಗೂ ಗೊತ್ತಿರಬಹುದು ಆ ವಾಸನೆ, ಅರ್ಧ ಹಬೆ, ಅರ್ಧ ಸುಟ್ಟ ನೂಲು. ನಿಮಗೆ ಅದರಿಂದ ಶಾಲೆಯ ಸೋಮವಾರಗಳು ನೆನಪಾಗಬಹುದು. ನನಗೆ ನೆನಪಾಗುವುದು ಕಾನೂನು.

ಅದಕ್ಕೆ ಕಾರಣ ಹಮೀದಾಕ. ಮೂಲ್ಕಿಯವರು, ನಮ್ಮ ಮನೆಯಿಂದ ಎರಡು ಗದ್ದೆ ಆಚೆ. ಇಲ್ಲಿ ಮೂರನೆಯ ದೇಶವೊಂದರ ನೌಕಾನೆಲೆಯ ಗೋಡೆಯ ಒಳಗೆ ದರ್ಜಿಯಾಗಿದ್ದರು. ನಾವಿಕರ ಅಂಗಿಗೆ ಹೆಸರಿನ ಪಟ್ಟಿ ಹೊಲಿಯುವುದು, ಪ್ಯಾಂಟು ಗಿಡ್ಡ ಮಾಡುವುದು ಅವರ ಕೆಲಸ. ಆ ಅಂಗಡಿಯನ್ನೂ ಪಕ್ಕದ ಕ್ಷೌರದಂಗಡಿಯನ್ನೂ ನಡೆಸುತ್ತಿದ್ದ ಕಂಪನಿಯಲ್ಲಿ ನಾನು ಗುಮಾಸ್ತ. ಗುಮಾಸ್ತ ಎಂದರೆ ಆಗ ನನಗೆ ಸಿಟ್ಟು ಬರುತ್ತಿತ್ತು. ಅಡ್ಮಿನ್ ಎನ್ನಬೇಕಿತ್ತು. ನೆಲೆಯ ಗೇಟ್‌ಪಾಸನ್ನು ಕೊರಳಿಗೆ ಹಾಕಿಕೊಂಡು ರಜೆಯ ದಿನ ಮೀನು ಮಾರುಕಟ್ಟೆಗೂ ಹೋಗುತ್ತಿದ್ದೆ. ಮೀನಿನವನು ಅದನ್ನು ನೋಡಿ ಬೆಲೆ ಏರಿಸುತ್ತಿದ್ದ. ನಾನು ಅದನ್ನು ಗೌರವ ಎಂದುಕೊಂಡಿದ್ದೆ.

ಒಂಬತ್ತು ವರ್ಷದ ಹಿಂದೆ ಒಂದು ಮಧ್ಯಾಹ್ನ ಹಮೀದಾಕ ಅಂಗಡಿಯ ಹೊರಗೆ ನಿಂತು ಚಾ ಕುಡಿಯುತ್ತಿದ್ದರು. ಸಾಮಾನು ಸಾಗಿಸುವ ಸಣ್ಣ ಬ್ಯಾಟರಿ ಗಾಡಿಯೊಂದು ತಿರುವಿನಿಂದ ನುಗ್ಗಿ ಬಂದು ಅವರನ್ನು ಗೋಡೆಗೆ ಒತ್ತಿತು. ಓಡಿಸುತ್ತಿದ್ದವಳು ಒಬ್ಬ ಅಧಿಕಾರಿಯ ಮಗಳು, ಹದಿನೈದು ವರ್ಷದವಳು. ಕೀಲಿ ಸಿಕ್ಕಿತ್ತು, ಹತ್ತಿದ್ದಳು. ಇಳಿದು ಒಮ್ಮೆ ನೋಡಿ ಓಡಿಹೋದಳು. ಎಲ್ಲವೂ ಕ್ಯಾಮೆರಾದಲ್ಲಿತ್ತು. ಹಮೀದಾಕನ ಬಲ ಮಣಿಕಟ್ಟು ಮೂರು ಕಡೆ ಮುರಿದಿತ್ತು. ದರ್ಜಿಯ ಬಲಗೈ ಎಂದರೆ ಏನೆಂದು ನಾನು ನಿಮಗೆ ವಿವರಿಸಬೇಕಾಗಿಲ್ಲ.

ಮರುದಿನದಿಂದ ವಿದ್ವತ್ತಿನ ಹಬ್ಬ ಶುರುವಾಯಿತು. ನೆಲೆಯ ಭದ್ರತಾ ಅಧಿಕಾರಿ ತುಂಬ ಸಭ್ಯ ಮನುಷ್ಯ. ಮಿಲಿಟರಿ ಕಾನೂನು ಸಮವಸ್ತ್ರದವರಿಗೆ ಮಾತ್ರ, ಹುಡುಗಿ ಸಮವಸ್ತ್ರದವಳಲ್ಲ ಎಂದ. ಹಾಗಾದರೆ ನಿಮ್ಮ ದೇಶದ ಕೋರ್ಟು ಎಂದು ಕೇಳಿದೆ. ಮಕ್ಕಳ ತಪ್ಪನ್ನು ತಮ್ಮಲ್ಲಿ ವಿಚಾರಿಸುವುದು ರಾಜ್ಯಗಳ ಕೋರ್ಟು, ತಮ್ಮ ದೇಶದೊಳಗಿನ ನೆಲೆಯಾದರೆ ಅದು ಯಾವ ರಾಜ್ಯದಲ್ಲಿದೆಯೋ ಆ ರಾಜ್ಯದವರು ಕೈಹಾಕಬಹುದೋ ಬಾರದೋ ಎಂದು ಚರ್ಚೆಯಾದರೂ ಮಾಡಬಹುದಿತ್ತು, ಇಲ್ಲಿ ಸುತ್ತ ಯಾವ ರಾಜ್ಯವೂ ಇಲ್ಲವಲ್ಲ ಎಂದ. ಸುತ್ತ ಇದ್ದದ್ದು ಒಂದು ಇಡೀ ದೇಶ. ಅದು ಅವನ ಕಣ್ಣಿಗೆ ಬಿದ್ದಂತೆ ಕಾಣಲಿಲ್ಲ.

ಆ ದೇಶದ ಪೊಲೀಸ್ ಠಾಣೆಗೂ ಹೋದೆವು. ಅಲ್ಲಿ ಖಾವಾ ಕಾಫಿ ಕೊಟ್ಟರು, ಖರ್ಜೂರ ಕೊಟ್ಟರು, ಹಮೀದಾಕನ ಕೈ ನೋಡಿ ನಿಜವಾಗಿಯೂ ಮರುಗಿದರು. ಗೋಡೆಯಿಂದ ಬರ್ರಾ, ಅಂದರೆ ಹೊರಗೆ, ಒಂದೇ ಒಂದು ಮೀಟರ್ ಈಚೆ ಆಗಿದ್ದರೂ ಆ ಹುಡುಗಿಯನ್ನು ಕರೆಸುತ್ತಿದ್ದೆವು, ಒಳಗಿನದಕ್ಕೆ ಒಪ್ಪಂದ ಬೇರೆ ಎಂದರು. ಹಮೀದಾಕ ಆ ಒಂದು ಮೀಟರ್ ಆಚೆ ನಿಂತು ಚಾ ಕುಡಿದದ್ದೇ ತಪ್ಪಾಯಿತು ಎಂಬಂತೆ ಎಲ್ಲರೂ ತಲೆಯಾಡಿಸಿದೆವು.

ವಾಪಸು ಬರುವಾಗ ಬಸ್ಸಿನಲ್ಲಿ ಅವರು ಕೇಳಿದರು. "ಎಂತದು ಮಾರಾಯ ಅದು, ಎಲ್ಲರೂ ಹೇಳುದು, ಜೂರಿಸ್ಡಿಕ್ಷನ್?"

ನನ್ನ ಇಂಗ್ಲಿಷ್ ಪ್ರದರ್ಶಿಸಲು ಸಿಕ್ಕ ಅವಕಾಶವನ್ನು ನಾನು ಎಂದೂ ಬಿಟ್ಟವನಲ್ಲ. "ಯಾರ ಕೈ ಎಲ್ಲಿಯವರೆಗೆ ಹೋಗ್ತದೆ ಅಂತ ಲೆಕ್ಕ, ಹಮೀದಾಕ" ಎಂದೆ.

ಅವರು ಪ್ಲಾಸ್ಟರ್ ಹಾಕಿದ ಕೈಯನ್ನು ನೋಡಿಕೊಂಡರು. "ನನಗೆ ಅವಳನ್ನು ಜೈಲಿಗೆ ಹಾಕ್ಲಿಕ್ಕೆ ಇಲ್ಲ. ನನಗೂ ಮಕ್ಕಳುಂಟು. ಒಮ್ಮೆ ಬಂದು ಈ ಕೈ ನೋಡ್ಲಿ, ಅಷ್ಟೇ."

ಅಷ್ಟನ್ನೂ ಮಾಡಿಸುವ ಅಧಿಕಾರ ಯಾರಿಗೂ ಇರಲಿಲ್ಲ. ಎರಡು ಸರಕಾರ, ಒಂದು ನೌಕಾಪಡೆ, ಒಂದು ಕಂಪನಿ, ನಾಲ್ಕೂ ಸೇರಿದರೂ ಹದಿನೈದು ವರ್ಷದ ಹುಡುಗಿಯ ಎತ್ತರಕ್ಕೆ ಕೈ ಎಟುಕಲಿಲ್ಲ. ಆದರೆ ಹಮೀದಾಕನ ಮೇಲೆ ಎಲ್ಲರಿಗೂ ಅಧಿಕಾರ ಇತ್ತು, ಅದರಲ್ಲಿ ಯಾರಿಗೂ ಸಂಶಯವಿರಲಿಲ್ಲ. ಹದಿನೈದನೆಯ ದಿನ ನಮ್ಮ ಮ್ಯಾನೇಜರ್ ನನ್ನನ್ನು ಕರೆದು, ದರ್ಜಿ ಅನುಮತಿಯಿಲ್ಲದ ಹೊತ್ತಿನಲ್ಲಿ ಅಂಗಡಿ ಬಿಟ್ಟು ವಾಹನ ಸಂಚರಿಸುವ ಜಾಗದಲ್ಲಿ ನಿಂತಿದ್ದಕ್ಕೆ ಒಂದು ವಾರ್ನಿಂಗ್ ಲೆಟರ್ ತಯಾರಿಸು ಎಂದರು. ನೆಲೆಯವರು ಕೇಳಿದ್ದಾರೆ, ಫೈಲು ಮುಚ್ಚಬೇಕಂತೆ.

ನಾನು ತಯಾರಿಸಿದೆ. ಒಳ್ಳೆಯ ಕಾಗದವಾಗಿತ್ತು ಎಂದು ಈಗಲೂ ಹೇಳಬೇಕು. ನಿರ್ಲಕ್ಷ್ಯ ಎಂಬ ಅರ್ಥದ ಮೂರು ಬೇರೆ ಬೇರೆ ಶಬ್ದಗಳನ್ನು ಮೂರು ಸಾಲಿನಲ್ಲಿ ಬಳಸಿದ್ದೆ. ಮ್ಯಾನೇಜರ್ ಸಹಿ ಹಾಕಿ ಶಹಬ್ಬಾಸ್ ಎಂದರು. ಆ ಸಂಜೆ ಹಮೀದಾಕನ ರೂಮಿಗೆ ಹೋಗಿ, ಆ ಕಾಗದ ಎಲ್ಲಿಂದ ಬಂತೋ ಎಂದು ಆಶ್ಚರ್ಯಪಡುವವನ ಹಾಗೆ ಅದನ್ನು ಅವರಿಗೆ ಓದಿ ಹೇಳಿದವನೂ ನಾನೇ. ಅವರು ಎಡಗೈಯಲ್ಲಿ ಸಹಿ ಹಾಕಿದರು. ಸಹಿ ಅವರದಲ್ಲ ಎಂಬಷ್ಟು ಸೊಟ್ಟಗಿತ್ತು.

ಅದಾಗಿ ಮೂರು ವಾರವಾದ ಮೇಲೆ ಒಂದು ಶುಕ್ರವಾರ, ಜುಮ್ಮಾ ನಮಾಜು ಮುಗಿಸಿ ಅವರು ರೂಮಿಗೆ ಬಂದು ಕೂತಿದ್ದರು, ನಾನೂ ಅಲ್ಲಿಗೇ ಊಟಕ್ಕೆ ಹೋಗಿದ್ದೆ. ಬಾಗಿಲು ಬಡಿದ ಸದ್ದಾಯಿತು. ತೆರೆದರೆ ಆ ಹುಡುಗಿ, ಒಬ್ಬಳೇ, ಕೆಳಗೆ ಟ್ಯಾಕ್ಸಿ ಕಾಯುತ್ತಿತ್ತು. ವಿಳಾಸ ಕೊಟ್ಟದ್ದು ಕ್ಷೌರದಂಗಡಿಯವನಂತೆ. ಮುಂದಿನ ಗುರುವಾರ ಅವಳ ಮನೆಯವರೆಲ್ಲ ವಾಪಸು ಹೋಗುತ್ತಿದ್ದಾರೆ, ನಿಮ್ಮ ಹತ್ತಿರ ಮಾತಾಡಬಾರದು ಎಂದು ವಕೀಲರು ಹೇಳಿದ್ದಾರೆ ಎಂದಳು. ಆಮೇಲೆ ಹೇಳಿದಳು, "ಗಾಡಿ ಓಡಿಸಿದ್ದು ನಾನು. ನೋಡಿಯೂ ಓಡಿಹೋದೆ."

ಪರವಾಗಿಲ್ಲ ಮಗಳೇ ಎಂದು ಹಮೀದಾಕ ಹೇಳುತ್ತಾರೆ ಎಂದು ನಾನು ಕಾದೆ. ನಮ್ಮವರು ಅಂಥ ಹೊತ್ತಿನಲ್ಲಿ ಹಾಗೆ ಹೇಳಿಬಿಡುತ್ತಾರೆ. ಅವರು ಹೇಳಲಿಲ್ಲ. ಕೈಯನ್ನು ಅವಳ ಮುಂದೆ ಚಾಚಿದರು. ಅವಳು ನೋಡಿದಳು. ಬೆರಳುಗಳು ಬದನೆಕಾಯಿಯ ಬಣ್ಣಕ್ಕೆ ತಿರುಗಿದ್ದವು. ಅವಳು ಕಣ್ಣು ಬೇರೆ ಕಡೆ ತಿರುಗಿಸಲಿಲ್ಲ. ನಾನೇನು ಮಾಡಬೇಕು ಎಂದು ಕೇಳಿದಳು.

ಹಮೀದಾಕ ಎದ್ದು ಗೋದ್ರೆಜ್ ಕಪಾಟಿನಿಂದ ಒಂದು ಅಂಗಿ ತಂದರು. ಅಪಘಾತದ ದಿನ ಆಸ್ಪತ್ರೆಯಲ್ಲಿ ಅದರ ಬಲತೋಳನ್ನು ಉದ್ದಕ್ಕೆ ಕತ್ತರಿಸಿದ್ದರು. ಸೂಜಿ, ನೂಲು ಅವಳ ಮುಂದಿಟ್ಟು ತಮ್ಮ ನೆಲೆಯ ಇಂಗ್ಲಿಷಿನಲ್ಲಿ "ಹೊಲಿ" ಎಂದರು.

ಅವಳಿಗೆ ಸೂಜಿಗೆ ನೂಲು ಪೋಣಿಸಲೂ ಬರುತ್ತಿರಲಿಲ್ಲ. ಒಂದು ಗಂಟೆಯ ಮೇಲೆ ಕೂತಳು. ಮೊದಲ ಸಲ ಮುಗಿಸಿದಾಗ ಅವರು ನೋಡಿ "ಬಿಚ್ಚು" ಎಂದರು. ಎರಡನೆಯ ಸಲವೂ ಬಿಚ್ಚಿಸಿದರು. ಮೂರನೆಯ ಸಲ ಬಟ್ಟೆಯನ್ನು ಬೆಳಕಿಗೆ ಹಿಡಿದು, ಸುಮಾರು ಹೊತ್ತು ನೋಡಿ, ತಲೆಯಾಡಿಸಿದರು. ಅವಳ ಬೆರಳಿಗೆ ನಾಲ್ಕು ಕಡೆ ಚುಚ್ಚಿತ್ತು. ಎದ್ದು ಹೋಗುವಾಗ ಅವಳು ಅಳುತ್ತಿರಲಿಲ್ಲ, ಬಂದಾಗ ಇದ್ದ ಆ ಬಿಗಿಯೂ ಮುಖದಲ್ಲಿರಲಿಲ್ಲ.

ಆ ಇಡೀ ಹೊತ್ತು ನಾನೂ ಅಲ್ಲೇ ಕೂತಿದ್ದೆ. ಅವಳು ಹೊಲಿಗೆ ಬಿಚ್ಚುತ್ತಿದ್ದಾಗ ಒಮ್ಮೆ ಆ ಕಾಗದದ ಮಾತು ನನ್ನ ನಾಲಿಗೆಯ ತುದಿಗೆ ಬಂದಿತ್ತು. ಬಂದದ್ದನ್ನು ನುಂಗಿ, "ಹಮೀದಾಕ, ಚಾ ಮಾಡ್ಲಾ?" ಎಂದೆ. ಚಾ ಮಾಡಿದೆ. ಸಕ್ಕರೆ ಜಾಸ್ತಿಯಾಗಿತ್ತು.

ವರ್ಷದೊಳಗೆ ಅವರು ಊರಿಗೆ ಹೋದರು. ಕೈ ಮುಕ್ಕಾಲು ಭಾಗ ಸರಿಯಾಗಿದೆಯಂತೆ. ನಾನು ಇಲ್ಲಿಯೇ ಸೀಫ್ ಬಡಾವಣೆಯ ಕಂಪನಿಯೊಂದಕ್ಕೆ ಸೇರಿದೆ. ಅಲ್ಲಿಯೂ ನನ್ನ ಇಂಗ್ಲಿಷಿಗೆ ಬೆಲೆಯುಂಟು, ಅಲ್ಲಿಯೂ ಅಂಥ ಕಾಗದಗಳುಂಟು. ನೆಲೆಯವರನ್ನು, ಠಾಣೆಯವರನ್ನು, ಮ್ಯಾನೇಜರನ್ನು ಅಣಕಿಸುತ್ತ ಈ ಕತೆಯನ್ನು ಎಷ್ಟೋ ಗೆಳೆಯರ ಮನೆಯ ಊಟದಲ್ಲಿ ಹೇಳಿ ನಗಿಸಿದ್ದೇನೆ. ಆ ವಾರ್ನಿಂಗ್ ಲೆಟರ್ ಯಾರು ಬರೆದದ್ದು ಎಂದು ಇಷ್ಟು ವರ್ಷದಲ್ಲಿ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಯಾರ ವ್ಯಾಪ್ತಿಗೂ ಬಾರದೆ ಆರಾಮಾಗಿ ಇದ್ದವನು ನಾನೊಬ್ಬನೇ.

ಕೊನೆಗೆ ಒಂದು ಜಾಗ ಸಿಕ್ಕಿತು. ಕಾರು ನಿಲ್ಲಿಸಿ ಇಳಿಯದೆ ಮೂಲ್ಕಿಗೆ ಫೋನ್ ಮಾಡಿದೆ. ಕ್ಷೇಮಸಮಾಚಾರ ಆಯಿತು. ಆಮೇಲೆ ಹೇಳಿದೆ, "ಹಮೀದಾಕ, ಆ ಲೆಟರ್ ಬರೆದದ್ದು ನಾನು."

"ಗೊತ್ತುಂಟು" ಎಂದರು. "ಅಂಥ ಇಂಗ್ಲಿಷ್ ಆ ಆಫೀಸಿನಲ್ಲಿ ಬೇರೆ ಯಾರಿಗೆ ಬರ್ತಿತ್ತು?"

ನಾನು ಕಾರಿನ ಇಂಜಿನ್ ಆರಿಸಿದೆ.

"ಆ ಮಗುವಿಗೆ ಐದು ವಾರ ಸಾಕಾಯ್ತು ಮಾರಾಯ" ಎಂದರು. "ನಿನಗೆ ಒಂಬತ್ತು ವರ್ಷ."

ಅವರು ಫೋನ್ ಇಡಲಿಲ್ಲ. ನಾನೂ ಇಡಲಿಲ್ಲ.