ನೊರೆ ಒರೆಸಿದ ತಟ್ಟೆ

ಹೋದ ವಾರ ನೀವಿಬ್ಬರೂ ಜರ್ಮನಿಯಿಂದ ರಜೆಗೆ ಬಂದಿದ್ದಾಗ, ನಿಮ್ಮಲ್ಲಿ ದೊಡ್ಡವಳು ಊಟದ ತಟ್ಟೆಗಳನ್ನು ತಾನೇ ತೊಳೆಯುತ್ತೇನೆಂದು ಎದ್ದಳು. ಬೋಗುಣಿಯಲ್ಲಿ ಬಿಸಿನೀರು ತುಂಬಿ ನೊರೆ ಎಬ್ಬಿಸಿದಳು. ತಟ್ಟೆಗಳನ್ನು ಅದರಲ್ಲೇ ಅದ್ದಿ ಉಜ್ಜಿ, ನೊರೆ ಸಮೇತ ಎತ್ತಿ, ಬಟ್ಟೆಯಿಂದ ಒರೆಸಿಟ್ಟಳು. ಮೇಲೆ ಒಂದು ತಂಬಿಗೆ ನೀರು ಹಾಕಲಿಲ್ಲ. ಕಪಾಟಿನ ಹಿಂದಿನಿಂದ ನೀಲಿ ಅಂಚಿನ ಪಿಂಗಾಣಿ ತಟ್ಟೆಯೊಂದನ್ನು ತೆಗೆದು ಅದನ್ನೂ ಹಾಗೇ ತೊಳೆದಳು. ಸಾಬೂನಿನ ಲಿಂಬೆ ವಾಸನೆ ಮೂಗಿಗೆ ಬಡಿಯಿತು.

“ಅಜ್ಜಿ, ಇದು ನಮ್ಮ ಜರ್ಮನಿ ಪ್ಲೇಟ್ ಅಲ್ಲಾ? ನಿನಗ ಯಾರು ಕೊಟ್ರು?” ಎಂದಳು.

“ಯಾರೂ ಕೊಟ್ಟಿಲ್ಲ” ಎಂದೆ. ಸುಳ್ಳಲ್ಲ ಅದು. ಉಳಿದದ್ದನ್ನು ಎದುರಿಗೆ ಹೇಳಲು ನಾಚಿಕೆಯಾಯಿತು. ಅದಕ್ಕೇ ಬರೆಯುತ್ತಿದ್ದೇನೆ. ನಿಮ್ಮವ್ವ ಓದಿ ಹೇಳಲಿ.

ನಿಮ್ಮಲ್ಲಿ ಸಣ್ಣವನು ಹುಟ್ಟಿದಾಗ ಬಾಣಂತನಕ್ಕೆಂದು ನಿಮ್ಮವ್ವ ನನ್ನನ್ನು ಮೂರು ತಿಂಗಳ ವೀಸಾದ ಮೇಲೆ ನಿಮ್ಮೂರು ಕಾರ್ಲ್ಸ್‌ರುಹೆಗೆ ಕರೆಸಿಕೊಂಡಿದ್ದಳು. ನಿಮ್ಮ ಅಜ್ಜ ತೀರಿಕೊಂಡು ವರ್ಷವೂ ಆಗಿರಲಿಲ್ಲ. ಚಂದದ ಊರು, ಸ್ವಚ್ಛ ಊರು ಎಂದು ಎಲ್ಲರೂ ಹೇಳಿ ಕಳಿಸಿದ್ದರು. ನನಗೆ ಕಂಡದ್ದು ಬರೀ ಹೇಸಿಗೆ. ಟ್ರಾಮಿನಲ್ಲಿ ಕೋಟು ತೊಟ್ಟ ದೊಡ್ಡ ಮನುಷ್ಯರು ಕರವಸ್ತ್ರದೊಳಗೆ ಸದ್ದು ಮಾಡಿ ಸಿಂಬಳ ತೆಗೆದು, ಅದನ್ನು ಮಡಚಿ ಮತ್ತೆ ಕಿಸೆಗೇ ಇಟ್ಟುಕೊಳ್ಳುತ್ತಿದ್ದರು. ಪಾಯಖಾನೆಯಲ್ಲಿ ನೀರಿಲ್ಲ, ಒಣ ಕಾಗದ. ಬಾಲ್ಕನಿಯಲ್ಲಿ ಗಿಡಕ್ಕೆ ನೀರು ಹಾಕುವ ಡಬ್ಬಿಯನ್ನು ನಾನು ಮೊದಲನೆಯ ದಿನವೇ ಒಳಗೆ ತಂದಿಟ್ಟುಕೊಂಡೆ. ಅಡಿಗೆಮನೆಯಲ್ಲಿ ಸಿಪ್ಪೆ, ಮುಸುರೆ ಎಲ್ಲವನ್ನೂ ಒಂದು ಡಬ್ಬಿಯಲ್ಲಿ ದಿನಗಟ್ಟಲೆ ಕೂಡಿಡಬೇಕು. ಮುಚ್ಚಳ ತೆಗೆದರೆ ಸಣ್ಣ ನೊಣಗಳು ಮುಖಕ್ಕೇ ಹಾರುತ್ತಿದ್ದವು. ಹಸಿ ಬಾಣಂತಿಯ ಮನೆಯಲ್ಲಿ ಇದೇನು ಎಂದು ನಾನು ಗೊಣಗಿದರೆ, ನಿಮ್ಮವ್ವ “ಇಲ್ಲೆ ಹಂಗ ಅವ್ವಾ” ಎನ್ನುತ್ತಿದ್ದಳು.

ಕೆಳಗಿನ ಮನೆಯಲ್ಲಿ ಒಬ್ಬ ಮುದುಕಿ ಇದ್ದಳು. ನನಗಿಂತ ಹತ್ತು ವರ್ಷ ದೊಡ್ಡವಳಿರಬೇಕು. ಅವಳೂ ಗಂಡನನ್ನು ಕಳೆದುಕೊಂಡವಳು. ಮನೆಯವರೆಲ್ಲ ಹೊರಗೋ ನಿದ್ದೆಯಲ್ಲೋ ಇರುವ ಹಗಲುಗಳಲ್ಲಿ ನನ್ನ ಮುಖ ನೋಡಿ ಮಾತಾಡಿದವಳು ಅವಳೊಬ್ಬಳೇ. ಮೆಟ್ಟಿಲ ಮೇಲೆ ನಿಂತು ಅವಳು ತನ್ನ ಭಾಷೆಯಲ್ಲಿ ಏನೋ ಹೇಳುವಳು, ನಾನು ತಲೆಯಾಡಿಸುವೆ. ಒಂದು ದಿನ ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಅವಳ ನಾಯಿ ನೆಲದ ಮೇಲಿಟ್ಟ ತಟ್ಟೆಯನ್ನು ನೆಕ್ಕುತ್ತಿತ್ತು. ನೀಲಿ ಅಂಚಿನ ತಟ್ಟೆ. ಅವಳು ಅದನ್ನೆತ್ತಿ ನೊರೆಯಲ್ಲಿ ಅದ್ದಿ, ಒರೆಸಿ, ಉಳಿದ ತಟ್ಟೆಗಳ ಮೇಲೆ ಇಟ್ಟಳು. ನಾನು ನೋಡುತ್ತ ನಿಂತೆ... ಮೇಲೆ ಬಂದವಳೇ ಕೈ ತೊಳೆದುಕೊಂಡೆ.

ಎರಡು ದಿನಕ್ಕೆ ಅದೇ ತಟ್ಟೆಯಲ್ಲಿ ಸೇಬುಹಣ್ಣಿನ ಕೇಕು ತಂದುಕೊಟ್ಟಳು. ಅವಳು ಇಳಿದುಹೋದ ಮೇಲೆ ಅದನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ, ಬಿಗಿಯಾಗಿ ಗಂಟು ಕಟ್ಟಿ, ಅಂಗಳದಲ್ಲಿ ಎಲ್ಲ ಮನೆಯವರೂ ಮುಸುರೆ ಸುರಿಯುವ ಕಂದು ಡಬ್ಬಿಯ ತಳಕ್ಕೆ ಸೇರಿಸಿದೆ. ಆದರೆ ತಟ್ಟೆಯನ್ನು ಬರಿದಾಗಿ ಮರಳಿ ಕೊಡುವುದು ನಮ್ಮಲ್ಲಿ ಇಲ್ಲ. ಬೂದಿ ಇಲ್ಲದ ಊರಿನಲ್ಲಿ ಉಪ್ಪು ಹಾಕಿ ಎರಡು ಸಲ ತಿಕ್ಕಿ ತೊಳೆದು, ಶೇಂಗಾ ಹೋಳಿಗೆ ಇಟ್ಟು ಕೊಟ್ಟೆ. ಕೇಕು ಚಲೋ ಇತ್ತೆಂದು ಕೈಸನ್ನೆಯನ್ನೂ ಮಾಡಿದೆ. ಅವಳು ನಂಬಿದಳು. ಮುಂದಿನ ವಾರ ಮತ್ತೆ ಕೇಕು, ಮತ್ತೆ ಚೀಲ, ಮತ್ತೆ ಹೋಳಿಗೆ. ಹೀಗೆ ಮೂರನೆಯ ಕೇಕೂ ಡಬ್ಬಿಗೆ ಹೋಯಿತು. ತಿಪ್ಪೆಗೆ ಹಾಕಿದ್ದನ್ನು ಯಾರು ಕೆದಕಿ ನೋಡುತ್ತಾರೆ ಎಂದುಕೊಂಡಿದ್ದೆ. ಆ ಊರಿನಲ್ಲಿ ನೋಡುತ್ತಾರೆ.

ಮಾರನೆಯ ದಿನ ಅವಳು ಬಾಗಿಲು ಬಡಿದಳು. ಒಂದು ಕೈಗೆ ರಬ್ಬರಿನ ಗವಸು, ಇನ್ನೊಂದರಲ್ಲಿ ಗಂಟು ಬಿಚ್ಚಿದ ನನ್ನ ಚೀಲ. ಒಳಗಿನ ಕೇಕು ಕಾಣುತ್ತಿತ್ತು. ನಿಮ್ಮವ್ವನೊಡನೆ ಮೆಲ್ಲಗೆ ಎರಡು ಮಾತಾಡಿದಳು. ಆಮೇಲೆ ನನ್ನ ಹಿಂದೆ ಮೇಜಿನ ಮೇಲಿದ್ದ ತಟ್ಟೆಯನ್ನು ನೋಡಿದಳು. ಇಳಿದುಹೋದಳು.

“ಏನಂದಳು?”

“ಕಂದು ಡಬ್ಬ್ಯಾಗ ಪ್ಲಾಸ್ಟಿಕ್ ಹಾಕಬಾರದಂತ. ಅಷ್ಟ.” ನಿಮ್ಮವ್ವ ಕೂಸನ್ನು ಹೆಗಲಿಗೆ ಹಾಕಿಕೊಂಡು ನನ್ನನ್ನೇ ನೋಡಿದಳು. “ಮೂರೂ ಹಿಂಗ ಹಾಕಿದ್ಯಾ?”

“ನಾಯಿ ನೆಕ್ಕಿದ ತಟ್ಟಿ ಅದು. ಅದರ ಮ್ಯಾಲೆ ಕೇಕಿನ್ಯಾಗ ಕೋಳಿ ತತ್ತಿ ಹಾಕಿರತಾರ. ನಾ ಹೆಂಗ ತಿನ್ನಲಿ?”

“ತತ್ತಿ ಹಾಕಿಲ್ಲವ್ವಾ. ನೀ ತಿನ್ನೂದಿಲ್ಲಂತ ನನ್ನ ಕೇಳಿ, ತತ್ತಿ ಇಲ್ಲದ ಹೆಂಗ ಮಾಡೂದಂತ ಕಾಗದದ ಮ್ಯಾಲೆ ಬರಕೊಂಡು ಹೋಗಿದ್ರು.”

ನಾನು ಹೊರಡಲು ನಾಲ್ಕು ದಿನ ಉಳಿದಿತ್ತು. ಅಷ್ಟರೊಳಗೆ ಅವಳ ಮನಸ್ಸು ತಿಳಿಯಾಗದಿದ್ದರೆ ಇನ್ನು ಆಗುವುದಿಲ್ಲವೆಂದು ನನಗೆ ಗೊತ್ತಿತ್ತು. ಮರುದಿನ ಎದ್ದವಳೇ ಹೋಳಿಗೆ ಮಾಡಿ, ಅದೇ ತಟ್ಟೆಯಲ್ಲಿಟ್ಟು ಕೆಳಗಿಳಿದೆ. ನಿಮ್ಮವ್ವನನ್ನು ಕರೆಯಲಿಲ್ಲ, ಮಗಳ ಬಾಯಿಂದ ತಪ್ಪು ಒಪ್ಪಿಸಲು ನಾಚಿಕೆ. ಗಂಟೆ ಒತ್ತಿದೆ. ಅವಳು ಬಾಗಿಲು ಅರ್ಧ ತೆರೆದಳು. ನಾನು ತಟ್ಟೆ ಮುಂದೆ ಚಾಚಿದೆ.

“ನೈನ್, ಡಾಂಕೆ” ಎಂದಳು. ಬೇಡ ಎಂದು ಅಷ್ಟು ಮರ್ಯಾದೆಯಿಂದ ಹೇಳಿದ್ದನ್ನು ನಾನು ಮತ್ತೆಲ್ಲೂ ಕೇಳಿಲ್ಲ. ಬಾಗಿಲು ಸದ್ದಿಲ್ಲದೆ ಮುಚ್ಚಿತು. ಒಳಗಿನಿಂದ ನಾಯಿ ಬಾಗಿಲಿನ ಸಂದಿಗೆ ಮೂಗಿಟ್ಟು ಹೋಳಿಗೆಯ ವಾಸನೆ ಹಿಡಿಯುತ್ತಿತ್ತು...

ತುಂಬಿದ ತಟ್ಟೆ ಅವಳಿಗೆ ಬೇಡವಾಯಿತು. ಬರಿದು ತಟ್ಟೆ ಕೊಡಲು ನನಗೆ ಕೈ ಬರಲಿಲ್ಲ. ಬಾಗಿಲ ಮುಂದೆ ಇಟ್ಟು ಬರೋಣವೆಂದು ಎರಡು ಸಲ ಇಳಿದು, ಎರಡು ಸಲವೂ ಹತ್ತಿಬಂದೆ. ಕೊನೆಗೆ ಸೀರೆಯೊಳಗೆ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಊರಿಗೆ ತಂದೆ. ಎರಡು ವರ್ಷದ ನಂತರ ನಿಮ್ಮವ್ವ ಫೋನಿನಲ್ಲಿ, ಬೇರೆ ಯಾವುದೋ ಮಾತಿನ ನಡುವೆ, “ಕೆಳಗಿನ ಮನಿ ಅಜ್ಜಿ ಹೋಗಿಬಿಟ್ರವ್ವಾ” ಎಂದಳು. ತಟ್ಟೆಯ ವಿಷಯ ನಾನು ಆಗಲೂ ಹೇಳಲಿಲ್ಲ.

ಆ ಊರಿನ ಹೇಸಿಗೆಯೆಲ್ಲ ನನಗೆ ಇಂದಿಗೂ ಹೇಸಿಗೆಯೇ. ಅದರಲ್ಲಿ ಸುಳ್ಳು ಬರೆಯಲಾರೆ. ಆದರೆ ಅವಳು ತಿಪ್ಪೆಯಲ್ಲಿ ಕೈಹಾಕಿ ತನ್ನ ಕೇಕನ್ನು ತಾನೇ ಎತ್ತಿದ್ದು ನೆನಪಾದರೆ, ಆ ಗಂಟು ಕಟ್ಟಿದ ನನ್ನ ಕೈಗಳೇ ಎಲ್ಲಕ್ಕಿಂತ ಹೊಲಸಾಗಿ ಕಾಣುತ್ತವೆ.

ನೀವು ಹೋದ ಮರುದಿನ ನೀಲಿ ಅಂಚಿನ ತಟ್ಟೆಯನ್ನು ಮತ್ತೆ ತೊಳೆಯಬೇಕೆಂದು ನಲ್ಲಿಯ ಕೆಳಗೆ ಹಿಡಿದೆ. ಆದರೆ ನಲ್ಲಿ ತಿರುಗಿಸಲಿಲ್ಲ. ಹಾಗೆಯೇ ಅದರಲ್ಲಿ ಉಪ್ಪಿಟ್ಟು ಬಡಿಸಿಕೊಂಡೆ. ಸಾಬೂನಿನ ರುಚಿ ನಾಲಿಗೆಗೆ ಹತ್ತಿತು. ತಟ್ಟೆ ಬರಿದಾಗುವ ತನಕ ತಿಂದೆ. ಚಲೋ ಇತ್ತೆಂದು ಕೈಸನ್ನೆ ಮಾಡಲು ಎದುರಿಗೆ ಯಾರೂ ಇರಲಿಲ್ಲ.