ವಿಶ್ರಾಮ್ ಹೇಳದ ಡ್ರಿಲ್ ಮೇಷ್ಟ್ರು

ಡ್ರಿಲ್ ಮೇಷ್ಟ್ರ ಗಂಟಲೆಂದರೆ ಅಂತಿಂಥದ್ದಲ್ಲ. ಶಾಲೆಯ ಮೈದಾನದಲ್ಲಿ ನಿಂತು ಒಮ್ಮೆ ‘ಸಾವಧಾನ್!’ ಎಂದರೆ, ಹಿಂದಿನ ಬೀದಿಯಲ್ಲಿ ಕಂಬಕ್ಕೆ ಕಾಲೆತ್ತಿದ್ದ ನಾಯಿಯೂ ಕಾಲಿಳಿಸಿ ನೆಟ್ಟಗೆ ನಿಲ್ಲುತ್ತಿತ್ತು. ನಂಬದವರು ಹೋಗಿ ಆ ನಾಯಿಯನ್ನೇ ಕೇಳಿ.

ಆದರೆ ಆ ಗಂಟಲಿಗೊಂದು ಗ್ರಹಚಾರ. ಬೇಸಿಗೆ ರಜೆ ಮುಗಿದಾಗ ಸಿಂಹದಂತಿದ್ದ ಗಂಟಲು ಬರಬರುತ್ತ ಸವೆದು, ವರ್ಷದ ಕೊನೆಯ ಕ್ರೀಡಾಕೂಟಕ್ಕೆ ತುಕ್ಕು ಹಿಡಿದ ಗೇಟಾಗುತ್ತಿತ್ತು. ಆಗ ಮೈಕು ಹಿಡಿದು ಮಕ್ಕಳ ಪಥಸಂಚಲನ ನಡೆಸುತ್ತಿದ್ದವರು ಲೆಕ್ಕದ ಮೇಷ್ಟ್ರು. ಅವರದು ಎಂಥ ಮೆಲುದನಿಯೆಂದರೆ ಮಕ್ಕಳಿಟ್ಟ ಹೆಸರೇ ಪಿಸುಮಾತು. ಆ ಪಿಸುಮಾತಿಗೆ ಜನ ಚಪ್ಪಾಳೆ ತಟ್ಟಿದಾಗೆಲ್ಲ ಡ್ರಿಲ್ ಮೇಷ್ಟ್ರ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದಂತಾಗುತ್ತಿತ್ತು.

ಈ ವರ್ಷ ಪಿಸುಮಾತು ಮೀಟಿಂಗಿನಲ್ಲಿ ಎದ್ದು, ‘ಉದ್ದದ ರಜೆ ತುಂಡು ಮಾಡಿ ವರ್ಷ ಪೂರ್ತಿ ಹಂಚೋಣ. ನಮಗೂ ಮಧ್ಯೆ ಮಧ್ಯೆ ಉಸಿರಾಡೋಕಾಗುತ್ತೆ’ ಎಂದರು.

‘ರಜ ಏನ್ ಬಟ್ಟೆ ಥಾನಾ, ಕತ್ತರಿಸಿ ಹಂಚೋಕೆ?’ ಎಂದು ಡ್ರಿಲ್ ಮೇಷ್ಟ್ರು ಗುಡುಗಿದರು. ಅಷ್ಟರಲ್ಲಿ ಹೆಡ್ಮಿಸ್ಸು ಒಪ್ಪಿಯಾಗಿತ್ತು.

ಮೊದಲ ತುಂಡು ರಜೆ ಬಂತು. ಮೇಷ್ಟ್ರು ಹಟ ಹಿಡಿದು ಮಹಡಿ ಮೇಲೆ ಕವಾಯತಿಗಿಳಿದರು. ಬಟ್ಟೆ ಒಣಹಾಕಲು ಬಂದ ಹೆಂಡತಿ ಸೊಂಟಕ್ಕೆ ಕೈಯಿಟ್ಟು ನಿಂತಳು.

‘ಏನ್ರೀ ಇದು, ಒದ್ದೆ ಪಂಚೆಗೂ ಸಾವಧಾನಾ? ಊರಿಗೆಲ್ಲ ವಿಶ್ರಾಮ್ ಹೇಳೋರು, ನಿಮ್ಮ ಬಾಯಿಗೆ ಯಾವಾಗ ಹೇಳ್ತೀರಿ?’

‘ಅವನು ಕೊಡಿಸಿದ ರಜ ನಂಗ್ ಬೇಡ ಕಣೇ.’

‘ಬೇಡ ಬಿಡಿ. ಈ ಸಲಾನೂ ಮೈಕು ಅವರ ಕೈಗೇ ಹೋಗ್ಲಿ.’

ಮಾತು ಸರಿಯಾದ ಜಾಗಕ್ಕೇ ನಾಟಿತು. ಅಂದಿನಿಂದ ರಜೆ ಬಂದರೆ ಸಾಕು, ಮೇಷ್ಟ್ರ ಬಾಯಿಗೆ ಬೀಗ. ಹಾಲಿನವನಿಗೂ ಕೈಸನ್ನೆಯೇ. ‘ಮದ್ವೆ ಆದ್ಮೇಲೆ ಇಂಥ ನೆಮ್ಮದಿ ಕಂಡೇ ಇರ್ಲಿಲ್ಲ’ ಎಂದು ಹೆಂಡತಿ ಪಕ್ಕದ ಮನೆಯಾಕೆಗೆ ಹೇಳಿಕೊಂಡಳು. ಕಿಟಕಿಯಾಚೆ ಪಿಸುಮಾತು ರಜೆಯ ಆರಾಮಕ್ಕೆ ಕೆನ್ನೆ ತುಂಬಿಕೊಂಡು, ಹೆಂಡತಿಯೊಂದಿಗೆ ನಗುತ್ತ ವಾಕಿಂಗ್ ಹೋಗುವುದನ್ನು ಕಂಡರೆ ಮಾತ್ರ ಬೈಗುಳ ನಾಲಗೆಯವರೆಗೆ ಬಂದು ವಾಪಸಾಗುತ್ತಿತ್ತು.

ಕ್ರೀಡಾಕೂಟದ ದಿನ ಮೇಷ್ಟ್ರು ಮೈಕನ್ನು ಪಕ್ಕಕ್ಕೆ ತಳ್ಳಿ ‘ಸಾವಧಾನ್!’ ಎಂದರು. ಹೆಡ್ಮಿಸ್ಸಿನ ಕನ್ನಡಕ ಮೂಗು ಬಿಟ್ಟು ಒಂದು ಗೇಣು ಮೇಲೆ ಹಾರಿ, ಸರಿಯಾಗಿ ಅಲ್ಲೇ ಬಂದು ಕೂತಿತು. ಚಪ್ಪಾಳೆಯೋ ಚಪ್ಪಾಳೆ! ಮೇಷ್ಟ್ರು ಎದೆಯುಬ್ಬಿಸುವಷ್ಟರಲ್ಲಿ ಪಿಸುಮಾತು ಬಂದು ಕೈಕುಲುಕಿದರು.

‘ನೋಡಿದ್ರಾ ಸಾರ್, ತುಂಡು ರಜೆ ನಿಮ್ಮ ಗಂಟಲು ಉಳಿಸ್ತು! ನಿಜ ಹೇಳ್ಬೇಕಂದ್ರೆ, ನಿಮ್ಮ ಗಂಟಲು ನೆನೆಸ್ಕೊಂಡೇ ನಾನವತ್ತು ಮೀಟಿಂಗಲ್ಲಿ ಎದ್ದಿದ್ದು.’

ಮೈಕು ಕಿತ್ತುಕೊಂಡಿದ್ದನ್ನಾದರೂ ಸಹಿಸಬಹುದಿತ್ತು. ಗಂಟಲು ಕೊಟ್ಟವನೂ ಇವನೇನಾ? ‘ಹೌದು’ ಎಂಬ ಮಾತು ತುಟಿಯವರೆಗೆ ಬಂತು. ಮೇಷ್ಟ್ರು ಅದನ್ನು ಗುಳುಂ ಎಂದು ನುಂಗಿ, ‘ಸಾವಧಾನ್!’ ಎಂದರು.

ಪಿಸುಮಾತು ಬೆಚ್ಚಿ, ಹಿಮ್ಮಡಿ ಜೋಡಿಸಿ ಕಂಬದಂತೆ ನಿಂತುಬಿಟ್ಟರು. ಡ್ರಿಲ್ ಮೇಷ್ಟ್ರು ವಿಶ್ರಾಮ್ ಎನ್ನದೆ ನೀರು ಕುಡಿಯಲು ಹೊರಟುಹೋದರು.