ಒಂದು ಸಂಜೆಯ ಮುತ್ತೈದೆ

ಯಲವಿಗಿ ಸ್ಟೇಷನ್ನಿನಿಂದ ಸವಣೂರಿಗೆ ನಾನು ಮತ್ತು ಅವ್ವ ಬಂದದ್ದು ಜೋಳದ ಕಣಕಿ ಹೇರಿದ ಒಂದು ಚಕ್ಕಡಿಯಲ್ಲಿ. ಆಗ ನನಗೆ ಏಳು ವರ್ಷ. ರಂಗೂನಿನ ಮೇಲೆ ಜಪಾನಿನವರು ಬಾಂಬು ಹಾಕಿದಾಗ ಅಲ್ಲಿದ್ದ ಹಿಂದುಸ್ತಾನದ ಜನ ಕಾಡು ಗುಡ್ಡ ಹಾಯ್ದು, ನಡೆದುಕೊಂಡೇ ತಮ್ಮ ದೇಶದ ಕಡೆಗೆ ಹೊರಟಿದ್ದರು. ಆ ಮಂದಿಯಲ್ಲಿ ನಾವು ಮೂವರಿದ್ದೆವು. ಗಡಿ ದಾಟಿದವರು ಇಬ್ಬರು. ಅಪ್ಪ ಕಾಲರಾ ಬಂದು ದಾರಿಯಲ್ಲೇ ತೀರಿಕೊಂಡ.

ಅಪ್ಪ ಸವಣೂರಿನ ಒಂದು ಲಿಂಗಾಯತ ಒಕ್ಕಲು ಮನೆತನದವನು. ಮುಲ್ಕಿ ಪರೀಕ್ಷೆ ಮುಗಿಸಿ, ತಂದೆಯ ಸಂಗಡ ಜಗಳಾಡಿ ಮುಂಬಯಿಗೆ ಹೋದವನು ಅಲ್ಲಿಂದ ರಂಗೂನಿಗೆ ಹೋಗಿ ಅಕ್ಕಿ ಗಿರಣಿಯಲ್ಲಿ ಕಾರಕೂನನಾಗಿದ್ದ. ಅಲ್ಲಿಯ ಹುಡುಗಿಯನ್ನು ಮದುವೆಯಾದ. ಅವಳೇ ನನ್ನ ಅವ್ವ, ಬರ್ಮಾದವಳು. ಈ ಮದುವೆಯ ಸುದ್ದಿಯನ್ನು ಅಪ್ಪ ಊರಿಗೆ ತಿಳಿಸಿರಲಿಲ್ಲ. ನಮ್ಮ ಮನೆಯ ಮಾತು ಅವ್ವನ ಮಾತು. ಅಪ್ಪ ನನಗೆ ಆಟಕ್ಕೆಂದು ಕಲಿಸಿದ ಕನ್ನಡ ಒಂದು ಹಿಡಿಯಷ್ಟಿತ್ತು: ಬಾ, ನೀರು, ಯಾಕ, ಆಯಿ. ಅವ್ವನಿಗೆ ಅದೂ ಬರುತ್ತಿರಲಿಲ್ಲ. ರಂಗೂನಿನ ಪೇಟೆಯಲ್ಲಿ ಕಲಿತ ಹರಕುಮುರುಕು ಹಿಂದುಸ್ತಾನಿ ಮಾತ್ರ ಅವಳಿಗೆ ಗೊತ್ತಿತ್ತು. ಅಪ್ಪ ಕಣ್ಣು ಮುಚ್ಚುವ ಮುಂಚೆ ಅವಳ ಕೈಯಲ್ಲಿ ಎರಡು ಹೆಸರು ಬಾಯಿಪಾಠ ಮಾಡಿಸಿದ್ದ. ಯಲವಿಗಿ ಸ್ಟೇಷನ್, ಸವಣೂರು. ಕಲಕತ್ತೆಯಿಂದ ಅಷ್ಟನ್ನೇ ಹೇಳುತ್ತ, ಕಂಡಕಂಡವರನ್ನು ಕೇಳುತ್ತ ಅವಳು ನನ್ನನ್ನು ಕರೆತಂದಳು.

ಚಕ್ಕಡಿಯವನು ಅಪ್ಪನ ಹೆಸರು ಕೇಳಿ ನಮ್ಮನ್ನು ಮನೆಯ ಮುಂದೆಯೇ ಇಳಿಸಿದ. ಕಟ್ಟೆಯ ಮೇಲೆ ಮುದುಕಿಯೊಬ್ಬಳು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಅಪ್ಪನ ತಾಯಿ, ನನ್ನ ಆಯಿ. ಲುಂಗಿಯಂಥ ಬಟ್ಟೆ ಸುತ್ತಿಕೊಂಡು, ಚಪ್ಪಟೆ ಮುಖದ ಹೆಂಗಸೊಬ್ಬಳು ಎದುರು ಬಂದು ನಿಂತದ್ದನ್ನು ಕಂಡು ಆಯಿ, "ಯಾರವಾ ನೀ?" ಎಂದಳು. ಅವ್ವ ಎದೆಯೊಳಗಿಂದ ಒಂದು ಬಟ್ಟೆಯ ಗಂಟು ತೆಗೆದು ಬಿಚ್ಚಿ, ಅದರಲ್ಲಿದ್ದುದನ್ನು ಎರಡೂ ಕೈಯಲ್ಲಿ ಹಿಡಿದು ಆಯಿಯ ಮುಂದೆ ಚಾಚಿದಳು. ಅಪ್ಪ ಕೊರಳಲ್ಲಿ ಕಟ್ಟಿಕೊಳ್ಳುತ್ತಿದ್ದ ಲಿಂಗದ ಬೆಳ್ಳಿ ಕರಡಿಗೆ ಅದು.

ಆಯಿ ಗುರುತು ಹಿಡಿದಳು. "ಇದು ನನ್ನ ಮಗಂದು. ಅಂವ ಎಲ್ಲದಾನ?"

ಅವ್ವ ಹಿಂದುಸ್ತಾನಿಯಲ್ಲಿ ಏನೋ ಹೇಳಿದಳು. ಒಳಗಿನಿಂದ ಬಂದ ದೊಡ್ಡಪ್ಪನಿಗೆ ಅರ್ಥವಾಯಿತು. ಅವನು ಬಾಗಿಲಿಗೆ ಕೈ ಆನಿಸಿ ನಿಂತುಬಿಟ್ಟ. ಅವನ ಮುಖ ನೋಡಿ ಆಯಿಗೂ ತಿಳಿಯಿತು. "ಲಿಂಗಾ ಬಿಚ್ಚಿ ತಂದಾಳಲ್ಲೋ! ಮೈಮ್ಯಾಲೆ ಲಿಂಗ ಇಲ್ಲದ ನನ್ನ ಕೂಸು ಮಣ್ಣಿಗೆ ಹೋತಲ್ಲೋ!" ಎಂದು ಎದೆ ಎದೆ ಬಡಿದುಕೊಂಡಳು.

ಸತ್ತವನ ಲಿಂಗ ಅವನ ಕೈಯಲ್ಲೇ ಇದ್ದು ಅವನೊಂದಿಗೇ ಮಣ್ಣಾಗಬೇಕು ಎಂಬ ಪದ್ಧತಿ ಅವ್ವನಿಗೆ ಗೊತ್ತಿರಲಿಲ್ಲ. ಗಂಡ ಒಂದು ದಿನವೂ ಮೈಯಿಂದ ತೆಗೆಯದ ವಸ್ತು, ತಾಯಿಗೆ ಮುಟ್ಟಿಸಬೇಕು ಎಂದಷ್ಟೇ ಅವಳು ತಿಳಿದಿದ್ದಳು. ದಾರಿಯಲ್ಲಿ ತನ್ನ ಕಿವಿಯ ಓಲೆ ಮಾರಿದ್ದಳು, ಅದನ್ನು ಮಾರಿರಲಿಲ್ಲ. ಈಗ ಆ ಮುದುಕಿ ಯಾಕೆ ತನ್ನನ್ನು ಬೈಯುತ್ತಿದ್ದಾಳೆಂದು ತಿಳಿಯದೆ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡು ನಿಂತಿದ್ದಳು.

ಓಣಿಯ ಅಯ್ಯನವರು ಬಂದು ಆಯಿಯನ್ನು ಸಮಾಧಾನ ಮಾಡಿದರು. "ಲಿಂಗಾನ ನಿನ್ನ ಮಗಾ ಅಂತ ತಿಳಕೊಂಡು ಮಣ್ಣು ಕೊಡವಾ. ಮುಟ್ಟತೈತಿ" ಎಂದರು. ಶಿಗ್ಗಾವಿಯ ದಾರಿಗೆ ನಮ್ಮದೊಂದು ಹೊಲವಿತ್ತು. ಅಲ್ಲಿ ಆಳುದ್ದದ ಕುಣಿಯನ್ನೇ ತೋಡಿ, ವಿಭೂತಿ, ಬಿಲ್ವಪತ್ರೆ ಹಾಕಿ, ಆ ಪುಟ್ಟ ಕರಡಿಗೆಯನ್ನು ಒಳಗಿಟ್ಟರು. ಆಯಿ ಅವ್ವನ ಕೈಗೆ ಒಂದು ಬೊಗಸೆ ಮಣ್ಣು ಕೊಟ್ಟಳು. ಅವ್ವ ಅದನ್ನು ಹಾಕಲಿಲ್ಲ. ಬಹಳ ಹೊತ್ತು ಹಿಡಿದುಕೊಂಡೇ ಕುಳಿತಳು. ಗುಡ್ಡದ ದಾರಿಯಲ್ಲಿ ಅಪ್ಪನ ಮೇಲೆ ಅವಳು ಮುಚ್ಚಿ ಬಂದದ್ದು ಬರೀ ಎಲೆಗಳನ್ನು. ಅದು ನನಗೆ ನೆನಪಿದೆ.

ಮನೆಯಲ್ಲಿ ನಮ್ಮನ್ನು ಪಡಸಾಲೆಯ ಮೂಲೆಗೆ ಇಟ್ಟಿದ್ದರು. ಊಟ ಅಲ್ಲಿಗೇ ಬರುತ್ತಿತ್ತು. ಅವ್ವನಿಗೆ ರೊಟ್ಟಿ ಮುರಿಯಲೂ ಬರುತ್ತಿರಲಿಲ್ಲ, ನುಂಗಲೂ ಆಗುತ್ತಿರಲಿಲ್ಲ. ನೀರಿನಲ್ಲಿ ನೆನೆಸಿ ಎರಡು ತುತ್ತು ತಿಂದು ಬಿಡುತ್ತಿದ್ದಳು. ಅವಳ ಕಣ್ಣು ಗುಳಿಬಿದ್ದವು. ಒಂದು ದಿನ ದೊಡ್ಡವ್ವ ಸಂತೆಯಿಂದ ತಂದ ಕಾಯಿಪಲ್ಲೆಯನ್ನು ಪಡಸಾಲೆಯಲ್ಲಿ ಸುರುವಿದಳು. ಅವ್ವ ಧಡಕ್ಕನೆ ಎದ್ದು ಅದರಲ್ಲಿಂದ ಒಂದು ಸೂಡು ಸೊಪ್ಪು ಎತ್ತಿಕೊಂಡು, ಒಂದು ಎಲೆ ಹರಿದು ಬಾಯಿಗೆ ಹಾಕಿಕೊಂಡು, ತನ್ನ ಭಾಷೆಯಲ್ಲಿ ಅದರ ಹೆಸರು ಹೇಳಿ ನಕ್ಕಳು. ಊರು ಬಿಟ್ಟ ಮೇಲೆ ಅವಳು ನಕ್ಕಿದ್ದನ್ನು ನಾನು ಕಂಡದ್ದು ಅಂದೇ. ಅದು ಪುಂಡಿಪಲ್ಲೆ. ರಂಗೂನಿನಲ್ಲಿ ನಮ್ಮ ಮನೆಯಲ್ಲಿ ಅದರ ಹುಳಿಸಾರು ಇಲ್ಲದ ವಾರವಿರಲಿಲ್ಲ.

ಆಯಿ ಬೆರಗಾಗಿ ನೋಡಿದಳು. "ನಿಮ್ಮ ದೇಶದಾಗೂ ಪುಂಡಿಪಲ್ಲೆ ಐತೇನ?" ಎಂದು ಕೇಳಿದಳು. ಅವ್ವನಿಗೆ ಮಾತು ತಿಳಿಯಲಿಲ್ಲ, ಆದರೂ ತಲೆ ಆಡಿಸಿದಳು. ಅಂದು ಆಯಿ ಜೋಳದ ನುಚ್ಚು ಹಾಕಿ, ಬೆಳ್ಳುಳ್ಳಿ ಜಜ್ಜಿ, ತಾನೇ ಪುಂಡಿಪಲ್ಲೆ ಮಾಡಿ ಅವ್ವನ ಎದುರು ಕುಳಿತು ಬಡಿಸಿದಳು.

ಆಯಿಯ ತವರು ಹಾನಗಲ್ಲು. ಅಲ್ಲಿಂದ ಅವಳ ಅಣ್ಣ ಬಂದಾಗ ನಮ್ಮ ಮಾತು ಹೊರಟಿತು. ಅಂದು ಅವರಾಡಿದ್ದು ನನಗೆ ಅರ್ಥವಾಗಿರಲಿಲ್ಲ. ಮುಂದೆ ದೊಡ್ಡವ್ವ ಎಷ್ಟೋ ಸಲ ಹೇಳಿ ಹೇಳಿ ನಾನೇ ಕೇಳಿದಂತಾಗಿದೆ.

"ಯಾರಾಕಿನೋ ಏನೋ. ಕೊರಳಾಗ ತಾಳಿ ಇಲ್ಲ, ಕೈಯಾಗ ಬಳಿ ಇಲ್ಲ. ಲಗ್ನ ಆಗಿದ್ದು ಯಾರು ಕಂಡಾರ? ಕೂಸಿನ್ನ ಬೇಕಾದ್ರ ಇಟ್ಕೋ. ಆಕಿನ್ನ ಬಂದಲ್ಲಿಗೆ ಕಳಸು" ಎಂದನಂತೆ ಅಣ್ಣ.

"ಎಲ್ಲಿಗೆ ಕಳಸ್ಲೆಣ್ಣಾ? ಯುದ್ಧದಾಗ ದಬ್ಬಲೇನು?"

"ಹಂಗಾರ ಆಕಿ ಈ ಮನಿಗೆ ಏನಾಗಬೇಕು? ಸೊಸಿ ಅನ್ನಾಕ ಬರಂಗಿಲ್ಲ. ನಾಳೆ ಈ ಹುಡುಗಿನ್ನ ಯಾರು ಮಾಡ್ಕೋತಾರ?"

ಆಯಿ, "ತಾಳಿ ಇಲ್ಲಂದ್ರ ಕಟ್ಟೂಣು. ಬಳಿ ಇಲ್ಲಂದ್ರ ಇಡಸೂಣು. ನಿಮ್ಮೆಲ್ಲಾರ ಕಣ್ಣ ಮುಂದ" ಎಂದಳಂತೆ.

ಮರುದಿನ ಸಂಜೆ ಅವ್ವನಿಗೆ ಎಣ್ಣೆ ಹಚ್ಚಿ ಎರೆದರು. ಇಳಕಲ್ಲ ಸೀರೆ ಉಡಿಸಿದರು. ಅಯ್ಯನವರು ಅವ್ವನಿಗೂ ನನಗೂ ಲಿಂಗ ಕಟ್ಟಿ, ಇಬ್ಬರಿಗೂ ಹೊಸ ಹೆಸರು ಹೇಳಿದರು. ನಮ್ಮ ಓಣಿಯಲ್ಲೇ ಹಲವರಿಗಿದ್ದ ಹೆಸರುಗಳು. ಬಳೆ ಇಡಿಸಲು ಸಾಬರ ಓಣಿಯ ಬಳೆಗಾರ್ತಿ ಬಂದಿದ್ದಳು. ಅವ್ವನ ಬೆರಳು ಒತ್ತಿ ಹಸಿರು ಬಳೆ ಏರಿಸುತ್ತ ಹಿಂದುಸ್ತಾನಿಯಲ್ಲಿ ಮಾತಾಡಿಸಿದಳು. ಇಷ್ಟು ದಿನಗಳ ಮೇಲೆ ತಿಳಿಯುವ ಮಾತು ಕಿವಿಗೆ ಬಿದ್ದು ಅವ್ವ ಅರಳಿದಳು. ಬಳೆಗಾರ್ತಿಗೆ ನಾಳೆಯ ಸಂಗತಿ ಗೊತ್ತಿತ್ತು. ಅವಳು ಹೇಳಲಿಲ್ಲ. ಎದ್ದು ಹೋಗುವಾಗ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಮುತ್ತೈದೆಯರು ಯಾರೂ ಮುಂದೆ ಬರಲಿಲ್ಲ. ದೊಡ್ಡವ್ವ ಅಡಿಗೆಮನೆಯ ಬಾಗಿಲು ದಾಟಲಿಲ್ಲ. ಕೊನೆಗೆ ವಿಧವೆಯಾದ ಆಯಿಯೇ ಅಪ್ಪನ ಹೆಸರು ಹೇಳಿ ತಾಳಿ ಕಟ್ಟಿದಳು, ಕುಂಕುಮ ಹಚ್ಚಿದಳು, ಉಡಿ ತುಂಬಿದಳು. ಅವ್ವ ಕನ್ನಡಿಯಲ್ಲಿ ಮುಖ ನೋಡಿಕೊಂಡಳು. ಕೈ ಅಲ್ಲಾಡಿಸಿ ಬಳೆ ಸದ್ದು ಮಾಡಿ ನನಗೆ ತೋರಿಸಿದಳು. "ನಮ್ಮನ್ನು ಇವರು ಇಟ್ಟುಕೊಂಡರು" ಎಂದು ನಮ್ಮ ಮಾತಿನಲ್ಲಿ ನನ್ನ ಕಿವಿಯಲ್ಲಿ ಹೇಳಿದಳು. ಅಂದು ಅವಳು ಬಳೆ ತೊಟ್ಟ ಕೈಯನ್ನು ನನ್ನ ಮೇಲೆ ಹಾಕಿಕೊಂಡೇ ಮಲಗಿದಳು.

ಬೆಳಿಗ್ಗೆ ಅವಳನ್ನು ಹಿತ್ತಲಿಗೆ ಕರೆದೊಯ್ದರು. ಹಾನಗಲ್ಲಿನ ಅಜ್ಜ, ದೊಡ್ಡಪ್ಪ, ಓಣಿಯ ಹಿರಿಯರು ದೂರದಲ್ಲಿ ನಿಂತಿದ್ದರು. ಆಯಿ ಅವ್ವನ ಹಣೆ ಒರೆಸಿದಳು. ತಾಳಿ ತೆಗೆದಳು. ಕೈ ಹಿಡಿದು ಕಲ್ಲಿನ ಮೇಲಿಟ್ಟು ಬಳೆ ಒಡೆದಳು. ಅವ್ವ ಅಳಲಿಲ್ಲ. ಏನೋ ತಪ್ಪು ಮಾಡಿ ಸಿಕ್ಕಿಬಿದ್ದವಳ ಹಾಗೆ ಒಬ್ಬೊಬ್ಬರ ಮುಖ ನೋಡಿದಳು. "ನಾನು ಏನು ಮಾಡಿದೆನೆಂದು ಕೇಳು" ಎಂದು ನನಗೆ ಹೇಳಿದಳು. ನನಗೆ ಬರುತ್ತಿದ್ದ ಕನ್ನಡದಲ್ಲಿ ನಾನು ಕೇಳಿದೆ: "ಆಯಿ, ಯಾಕ?"

ಆಯಿ ತನ್ನ ಬರಿಗೈಗಳನ್ನು ಅವ್ವನ ಕೈಗಳ ಪಕ್ಕಕ್ಕೆ ಇಟ್ಟಳು. "ನೋಡವಾ, ನನಗೂ ಹಿಂಗ ಮಾಡಿದ್ರು" ಎಂದಳು. ಅವ್ವ ಆ ನಾಲ್ಕು ಕೈಗಳನ್ನೇ ನೋಡಿದಳು. ಅವಳಿಗೆ ತಿಳಿಯಿತು.

ಅಂದಿನಿಂದ ಅವಳ ಊಟ ಅಡಿಗೆಮನೆಯಲ್ಲಾಯಿತು. ಯಾರೂ ಅವಳನ್ನು ಯಾರೆಂದು ಕೇಳಲಿಲ್ಲ. ಅವಳು ಸತ್ತ ಮಗನ ಹೆಂಡತಿ, ನಾನು ಮನೆಯ ಮೊಮ್ಮಗಳು. ಆಯಿ ಮಾಡಿದ್ದು ಇದಕ್ಕಾಗಿ. ಇದನ್ನು ಬೇರೆ ರೀತಿಯಲ್ಲಿ ಮಾಡಬಹುದಿತ್ತೇ ಎಂದು ನಾನು ಈ ವಯಸ್ಸಿನಲ್ಲೂ ಯೋಚಿಸುತ್ತೇನೆ.

ಮಾತು ಹೋದದ್ದು ಆಮೇಲೆ. ಸಂತೆಯಲ್ಲಿ ನಾನೂ ಅವ್ವನೂ ನಮ್ಮ ಭಾಷೆಯಲ್ಲಿ ಮಾತಾಡುವುದನ್ನು ಕೇಳಿ ಯಾರೋ "ಜಪಾನಿನಾಕಿ" ಎಂದರು. ಮಾತು ಊರೆಲ್ಲ ಹಬ್ಬಿತು. ಹುಡುಗರು ನಮ್ಮ ಹಿಂದೆ ಬಾಂಬಿನ ಸದ್ದು ಮಾಡುತ್ತ ಬರತೊಡಗಿದರು. ದೊಡ್ಡಪ್ಪ ಹೆದರಿದ. ಅವ್ವನನ್ನು ಕೂಡ್ರಿಸಿಕೊಂಡು ಹಿಂದುಸ್ತಾನಿಯಲ್ಲಿ ಹೇಳಿದ, ಆಮೇಲೆ ನನ್ನ ಕಡೆ ತಿರುಗಿ, "ಆ ಮಾತು ಹೊರಗ ಆಡಬ್ಯಾಡವಾ. ಯಾರರ ಚಾಡಿ ಹೇಳಿದ್ರ ಮನಿಮಂದಿಗೆಲ್ಲಾ ತ್ರಾಸು" ಎಂದ.

ಹೊರಗೆ ಆಡಬೇಡಿ ಎಂದದ್ದು ಅವನು. ಅವ್ವ ಒಳಗೂ ಬಿಟ್ಟಳು. ನಾನು ನಮ್ಮ ಮಾತಿನಲ್ಲಿ ಏನಾದರೂ ಕೇಳಿದರೆ ತನಗೆ ಬಂದಷ್ಟು ಕನ್ನಡದಲ್ಲೇ ಉತ್ತರ ಕೊಡುವಳು. ಅವಳಿಗೆ ಕನ್ನಡದ ಗಂಡು ಹೆಣ್ಣು ತಿಳಿಯುತ್ತಿರಲಿಲ್ಲ, "ಅತ್ತಿ ಬಂದಾನ" ಎನ್ನುವಳು. ಎಮ್ಮೆಗೂ "ಬರ್ರಿ, ನೀರು ಕುಡೀರಿ" ಎನ್ನುವಳು. ಬಾವಿಕಟ್ಟೆಯ ಹೆಂಗಸರು ಬಿದ್ದು ಬಿದ್ದು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ಎಲೆತೋಟಕ್ಕೆ ಕೆಲಸಕ್ಕೆ ಹೋಗತೊಡಗಿದಳು. ಅಲ್ಲಿ ವೀಳ್ಯದೆಲೆ ಆರಿಸಿ ಕಟ್ಟು ಕಟ್ಟುವ ಸಾಬರ ಹೆಂಗಸರ ನಡುವೆ ಹಿಂದುಸ್ತಾನಿಯಲ್ಲಿ ಮನಸ್ಸು ಹಗುರ ಮಾಡಿಕೊಂಡು ಬರುವಳು. ಮೀನಿಲ್ಲದೆ ಊಟವೇ ಸೇರದಿದ್ದವಳು ಮೀನಿನ ವಾಸನೆಗೆ ಮೂಗು ಮುಚ್ಚಿಕೊಳ್ಳುವ ಹಾಗಾದಳು. ಮೊಣಕಾಲೂರಿ ಹಿಂದಕ್ಕೆ ಕುಳಿತು ಕೈ ಮುಗಿಯುತ್ತಿದ್ದವಳು ಅಂಗೈಯಲ್ಲಿ ಲಿಂಗ ಹಿಡಿದು ಪೂಜೆ ಮಾಡಿದಳು. ನಾನು ಕನ್ನಡ ಸಾಲೆಗೆ ಹೋದೆ. ಯುದ್ಧ ಮುಗಿಯುವ ಹೊತ್ತಿಗೆ ಅವ್ವನ ಭಾಷೆಯಲ್ಲಿ ನನಗೆ ಪೂರ್ತಿ ಒಂದು ವಾಕ್ಯ ಕಟ್ಟಲು ಬರುತ್ತಿರಲಿಲ್ಲ.

ಹಡಗುಗಳು ಮತ್ತೆ ನಡೆದಾಗ, ಹಿರೇಕೆರೂರಿನ ಒಬ್ಬ ಅರಳೆ ವ್ಯಾಪಾರಿಯ ಗುಮಾಸ್ತ ರಂಗೂನಿಗೆ ಹೋಗುವನೆಂಬ ಸುದ್ದಿ ಬಂತು. ಅವ್ವ ಆಯಿಯನ್ನು ಕೇಳಿ, ನನ್ನನ್ನು ಕರೆದುಕೊಂಡು ಮೋಟಾರಿನಲ್ಲಿ ಹಿರೇಕೆರೂರಿಗೆ ಹೋದಳು. ದೊಡ್ಡ ಪಗೋಡದ ಮೆಟ್ಟಿಲ ಬದಿಗೆ ತನ್ನ ತಾಯಿ ಹೂವು ಮಾರುತ್ತಿದ್ದಳೆಂದೂ, ತಂಗಿಯೊಬ್ಬಳಿದ್ದಳೆಂದೂ ಅವನಿಗೆ ಓಣಿಯ ಗುರುತು ಹೇಳಿ ಬಂದಳು. ಅವನು ತಿರುಗಿ ಬಂದದ್ದು ಮುಂದಿನ ಸುಗ್ಗಿಗೆ. ನಾವು ಮತ್ತೆ ಹೋದೆವು. ಸಂತೆಯ ದಿನ, ಅಂಗಡಿಯ ಮುಂದೆ ಅರಳೆಯ ಅಂಡಿಗೆಗಳು. ಅವನು ನಮ್ಮನ್ನು ಒಳಗೆ ಕರೆದು, "ಕೂಡ್ರಿ ತಾಯಿ" ಎಂದ.

"ಆ ಓಣಿನ ಇಲ್ರಿ ಈಗ. ಬಾಂಬಿಗೆ ಸುಟ್ಟು ಹೋಗೈತಿ. ನಿಮ್ಮ ತಾಯಿಯವರು ಅವತ್ತ ಹೋದ್ರಂತ."

ಅವ್ವ ತಲೆ ಆಡಿಸಿದಳು. "ತಂಗಿರಿ?"

"ಸಿಕ್ಕಿದ್ರು. ದುಭಾಷಿ ಇಟ್ಕೊಂಡು ಮಾತಾಡಿದೆ. ನೀವೂ ದಾರ್ಯಾಗ ತೀರಿಕೊಂಡ್ರಿ ಅಂತ ತಿಳಿದು ನಿಮ್ಮ ಹೆಸರಲೆ ಸನ್ಯಾಸಿಗಳಿಗೆ ಊಟಕ್ಕ ಹಾಕ್ಯಾರ. ಇಲ್ಲವ್ವಾ, ನಿಮ್ಮ ಅಕ್ಕಾರು ಅದಾರ, ಸೀರಿ ಉಡ್ತಾರ, ಲಿಂಗಾ ಕಟ್ಯಾರ, ನಮ್ಮಂಗ ಕನ್ನಡ ಮಾತಾಡ್ತಾರ ಅಂತ ಹೇಳಿದೆ." ಅವನು ಮುಂದೆ ಹೇಳಲು ಹಿಂದುಮುಂದು ನೋಡಿದ. "ಅವರು ನಂಬಲಿಲ್ರಿ. ಅದು ಬ್ಯಾರೆ ಯಾರೋ ಇರಬೇಕು ಅಂದ್ರು."

ಹೊರಗೆ ಸಂತೆಯ ಗದ್ದಲ ಕೇಳುತ್ತಿತ್ತು. ಅವ್ವ, "ಆಕಿ ತಲ್ಯಾಗ ಹೂವು ಇತ್ತೇನ್ರಿ?" ಎಂದು ಕೇಳಿದಳು.

"ನಾ ನೋಡಲಿಲ್ರಿ ತಾಯಿ" ಎಂದ ಗುಮಾಸ್ತ.

ಮನೆಯಲ್ಲಿ ಆಯಿ ಕಾಯುತ್ತಿದ್ದಳು. ಅವ್ವ ಕಾಲು ತೊಳೆದುಕೊಂಡು ಒಳಗೆ ಬಂದು, "ಯಾರೂ ಸಿಗಲಿಲ್ಲಂತ ಅತ್ತಿ" ಎಂದು ರೊಟ್ಟಿ ಬಡಿಯಲು ಕುಳಿತಳು. ನಾನು ಅವಳ ಕಣ್ಣಲ್ಲಿ ನೀರು ಹುಡುಕಿದೆ. ಇರಲಿಲ್ಲ. ಅಪ್ಪ ಸತ್ತಾಗಲೂ ಬಾಯಿ ಬಿಟ್ಟು ಅತ್ತವಳಲ್ಲ ಅವಳು. ಅವಳ ದೇಶದಲ್ಲಿ ದುಃಖವನ್ನು ಹಾಗೆ ಹೊರಗೆ ಹಾಕುವುದಿಲ್ಲವೋ, ಅವಳ ಸ್ವಭಾವವೇ ಅದೋ, ನನಗೆ ತಿಳಿಯದು.

ಆ ಬೇಸಿಗೆಯಲ್ಲಿ ಆಯಿ ತೀರಿಕೊಂಡಳು. ಹಾಸಿಗೆ ಹಿಡಿದ ದಿನಗಳಲ್ಲಿ ಅವ್ವನೇ ಅವಳಿಗೆ ಎಲ್ಲ ಮಾಡಿದ್ದಳು. ಹೆಣವನ್ನು ಕೂಡ್ರಿಸಿ, ಭಜನೆಯವರು ಬಂದು, ಓಣಿಯ ಹೆಂಗಸರೆಲ್ಲ ಸುತ್ತ ಕುಳಿತು ನಮ್ಮ ಕಡೆಯ ಪದ್ಧತಿಯಂತೆ ಹಾಡಿಕೊಂಡು ಅಳತೊಡಗಿದರು. ಅವ್ವ ಕಂಬಕ್ಕೆ ಒರಗಿ ನಿಂತಿದ್ದಳು. ಒಮ್ಮೆಲೆ ಬಂದು ಆಯಿಯ ಕಾಲ ಮೇಲೆ ಬಿದ್ದಳು. ಅವಳ ಬಾಯಿಂದ ಕನ್ನಡದಲ್ಲಿ, ಆ ಹೆಂಗಸರದೇ ರಾಗದಲ್ಲಿ ಅಳು ಹೊರಟಿತು.

"ಬೆಂಕ್ಯಾಗ ಒಬ್ಬಾಕಿನ ಹೋದ್ಯೇ ನನ್ನವ್ವಾ... ಹೂವಿನ ಬುಟ್ಟಿ ಯಾರ ಕೈಯಾಗ ಕೊಟ್ಟ್ಯೇ ನನ್ನವ್ವಾ... ನಿನ್ನ ಮಗಳು ನಾನ ಅಂದ್ರ ಯಾರೂ ನಂಬವಲ್ರೇ ನನ್ನವ್ವಾ..."

ಪಕ್ಕದ ಮನೆಯವಳು ನನ್ನ ಕಿವಿಯಲ್ಲಿ, "ಆಯಿ ಯಾವಾಗ ಹೂವು ಮಾರಿದ್ಲ?" ಎಂದು ಕೇಳಿದಳು. ಅವ್ವನನ್ನು ಎಬ್ಬಿಸಲು ಬಂದವರನ್ನು ದೊಡ್ಡವ್ವ ತಡೆದಳು. "ಬಿಡ್ರಿ, ಅಳಲಿ" ಎಂದಳು. ಹೆಣ ಎತ್ತುವವರೆಗೂ ಅವ್ವ ಅತ್ತಳು. ಅವಳ ದನಿ ಒಡೆದು ಹೋಯಿತು. ಸ್ವಂತ ಮಗಳ ಹಾಗೆ ಅತ್ತಳೆಂದು ಓಣಿಯವರು ಎಷ್ಟೋ ವರ್ಷ ಹೇಳಿದರು. ಆಮೇಲೆ ಅವಳನ್ನು ಬರ್ಮಾದವಳೆಂದು ಯಾರೂ ಕರೆಯಲಿಲ್ಲ.

ಮಣ್ಣು ಕೊಟ್ಟು ಗಂಡಸರು ತಿರುಗಿ ಬಂದಾಗ ಇಳಿಹೊತ್ತು. ಅವ್ವ ಹಿತ್ತಲಲ್ಲಿ ಮುಖ ತೊಳೆದುಕೊಂಡು, ಸೆರಗು ಸರಿ ಮಾಡಿಕೊಂಡು ಒಳಗೆ ಬಂದಳು. ಒಡೆದ ದನಿಯಲ್ಲೇ ದೊಡ್ಡಪ್ಪನನ್ನು, "ದನಕ್ಕ ಯಾರರ ನೀರು ಕುಡಿಸೀರೇನು?" ಎಂದು ಕೇಳಿದಳು. ಯಾರೂ ಕುಡಿಸಿರಲಿಲ್ಲ. ಅವಳು ಕೊಡ ಎತ್ತಿಕೊಂಡು ಕೊಟ್ಟಿಗೆಯ ಕಡೆಗೆ ಹೋದಳು.